ಆರನೇ ನಂಬರಿನ ಮರದಚ್ಚು

ಆ ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರು ಆರನೇ ನಂಬರಿನ ಮರದಚ್ಚನ್ನು ಹಳೇ ಟವೆಲಿನಲ್ಲಿ ಸುತ್ತಿ, ತರಕಾರಿ ಚೀಲಕ್ಕೆ ಹಾಕಿಕೊಂಡು ಶಿವಾಜಿನಗರಕ್ಕೆ ಹೊರಟರು. ನಾನು ಹಲಸೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಒಂದು ಬೆಲ್ಟಿನ ಅಂಚು ಹೊಲಿಯುತ್ತಿದ್ದೆ. ಊಟಕ್ಕೆ ಬರುತ್ತೀರಾ ಎಂದು ಕೇಳಿದೆ. "ಬಂದೇ ಬರ್ತೀನಿ" ಎಂದರು. ಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಭಾನುವಾರದ ಊಟ ಅವರು ಭಾಯ್ ಜೊತೆ ಮಾಡುತ್ತಿದ್ದರು.

ಭಾಯ್ ಎಂದರೆ ಶಿವಾಜಿನಗರದಲ್ಲಿ ಗುಜರಿ ಅಂಗಡಿ ಇಟ್ಟವರು. ಮಿಲಿಟರಿಯವರು ಹರಾಜಿಗೆ ಹಾಕಿದ ಹಳೇ ಬೂಟು, ಬೆಲ್ಟು, ನೀರಿನ ಡಬ್ಬಿ, ಡೇರೆ ಬಟ್ಟೆ ಎಲ್ಲ ಅವರಲ್ಲಿ ರಾಶಿ ಬಿದ್ದಿರುತ್ತಿತ್ತು. ನಮ್ಮವರು ಚರ್ಮದ ಕೆಲಸದವರು. ಇಬ್ಬರಿಗೂ ಹೇಗೋ ಹೊಂದಿಕೊಂಡಿತ್ತು. ಭಾಯ್ ಇವರನ್ನು ಮೇಸ್ತ್ರಿ ಎನ್ನುತ್ತಿದ್ದರು. ಇಬ್ಬರೂ ಉರ್ದುವಿನಲ್ಲಿ ಮಾತಾಡಿಕೊಂಡು ನಗುತ್ತಿದ್ದರು. ನನಗೆ ಆ ಭಾಷೆ ಅರ್ಧ ಅರ್ಥವಾಗುತ್ತಿತ್ತು. ನಗು ಯಾವಾಗಲೂ ಅರ್ಥವಾಗದ ಅರ್ಧದಲ್ಲೇ ಬರುತ್ತಿತ್ತು.

ಅಚ್ಚಿನ ವಿಷಯ ಹೇಳಬೇಕು. ರಿಚರ್ಡ್ಸ್ ಟೌನಿನಲ್ಲಿ ಒಬ್ಬರು ರಿಟೈರ್ಡ್ ಮೇಜರ್ ಇದ್ದರು. ಅವರ ಹತ್ತಿರ ಎರಡನೇ ಮಹಾಯುದ್ಧದ ಕಾಲದ ಆರು ಪಿಸ್ತೂಲುಗಳಿದ್ದವು. ಲೈಸೆನ್ಸ್ ಇತ್ತು, ಗುಂಡು ಹಾರದಂತೆ ಒಳಗಿನ ಮೊಳೆ ತೆಗೆಸಿದ್ದರು. ಅವನ್ನು ಒಂದು ರೆಜಿಮೆಂಟಿನ ಮ್ಯೂಸಿಯಮ್ಮಿಗೆ ಕೊಡಬೇಕೆಂದು ಅವರ ಆಸೆ. ಬರೀ ಪಿಸ್ತೂಲು ಕೊಟ್ಟರೆ ಸಾಲದು. ಒಂದೊಂದಕ್ಕೂ ಅದರದ್ದೇ ಚೀಲ, ಕೊರಳಿಗೆ ಕಟ್ಟುವ ಹುರಿ, ನಳಿಗೆ ಒರೆಸುವ ಕಡ್ಡಿ ಇರಬೇಕು. ಅದೂ ಬರೀ ಹಳೆಯದಾದರೆ ಆಗದು, ಆ ಪಿಸ್ತೂಲು ತಯಾರಾದ ಕಾಲದ್ದೇ ಆಗಿರಬೇಕು. ನಲವತ್ತೆರಡರ ಪಿಸ್ತೂಲಿಗೆ ಐವತ್ತರ ಚೀಲ ಹಾಕಿದರೆ, ಮೇಜರ್ ಸಾಹೇಬರ ಮಾತಿನಲ್ಲಿ, ತಾತನ ಮದುವೆ ಫೋಟೋದಲ್ಲಿ ಮೊಮ್ಮಗನ ಕೋಟು ಕಂಡ ಹಾಗೆ.

ಪಿಸ್ತೂಲನ್ನು ಮನೆಯಿಂದ ಹೊರಗೆ ಕಳಿಸುವ ಹಾಗಿಲ್ಲ. ಆದ್ದರಿಂದ ನಮ್ಮವರು ಸಾಹೇಬರ ವರಾಂಡದಲ್ಲಿ ಕೂತು, ಒಂದೊಂದನ್ನೂ ಅಳೆದು, ತೇಗದ ತುಂಡಿನಲ್ಲಿ ಅದೇ ಆಕಾರ ಕೆತ್ತಿಕೊಂಡು ಬಂದರು. ಆರು ಅಚ್ಚು, ಆರು ನಂಬರು. ಗುಜರಿಯಲ್ಲಿ ಯಾವ ಚೀಲ ಸಿಕ್ಕಿದರೂ ಅಚ್ಚು ಹಾಕಿ ನೋಡುವುದು, ಕೂತರೆ ಒಳಗಿನ ಸ್ಟಾಂಪ್ ಓದುವುದು. ಆ ಕಾಲದ ಸಾಮಾನಿಗೆ ಶಾಯಿಯಲ್ಲಿ ಒಂದು ಬಾಣದ ಗುರುತು, ಮಾಡಿದವರ ಅಕ್ಷರ, ಇಸವಿ ಒತ್ತಿರುತ್ತಾರೆ. ಅದನ್ನೆಲ್ಲ ಅವರು ಅಚ್ಚಿನ ಹಿಡಿಯ ತಳದಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು. ಪುಸ್ತಕ ಇಡುವ ಅಭ್ಯಾಸ ಅವರಿಗಿರಲಿಲ್ಲ. ಚೀಲಗಳ ಬಿಚ್ಚಿದ ಹೊಲಿಗೆ ಸರಿ ಮಾಡುವುದು ನನ್ನ ಕೆಲಸ. ಹಳೇ ತೂತಿನಲ್ಲೇ ಸೂಜಿ ಹೋಗಬೇಕು, ಹೊಸ ತೂತು ಬೀಳಬಾರದು, ದಾರ ಹತ್ತಿಯದ್ದೋ ನಾರಿನದ್ದೋ ಆಗಬೇಕು. ನಾನು ಹೊಲಿದ ಜಾಗ ಯಾವುದೆಂದು ಯಾರಿಗೂ ಗೊತ್ತಾಗಬಾರದು. ಅದೇ ಆ ಕೆಲಸದ ಗುಣ.

ಆ ಭಾನುವಾರ ಅವರು ಮನೆಗೆ ಬಂದಾಗ ಸಂಜೆ ಐದೂವರೆ. ಪೇಪರಿನಲ್ಲಿ ಸುತ್ತಿದ ಗಂಟನ್ನು ನನ್ನ ಮುಂದೆ ಇಟ್ಟರು.

"ಆರನೇದಕ್ಕೆ ಚೀಲ ಸಿಕ್ತು ಕಣೇ. ಟ್ಯಾಂಕಿನವರದ್ದು! ಹನ್ನೊಂದು ತಿಂಗಳಾಗಿತ್ತು ಹುಡುಕ್ತಾ."

ನಾನು ತಲೆ ಎತ್ತಲಿಲ್ಲ. ಹುರುಳಿ ಸಾರು ಮಧ್ಯಾಹ್ನದಿಂದ ಆರಿ ಕೂತಿತ್ತು.

"ಐದನೇದಕ್ಕೆ ಹುರಿ, ಇದಕ್ಕೆ ಕಡ್ಡಿ. ಎರಡೇ ಬಾಕಿ. ಕಡ್ಡಿ ಎಲ್ಲಿದೆ ಅಂತಾನೂ ಇವತ್ತು ಗೊತ್ತಾಯ್ತು. ಬರ್ತಾ ದಾರೀಲಿ ಏನಾಯ್ತು ಗೊತ್ತಾ..."

"ನನಗ್ಯಾಕೆ ಹೇಳ್ತೀರಿ? ಹೋಗಿ ನಿಮ್ಮ ಭಾಯ್‌ಗೆ ಹೇಳಿ."

ಅವರು ನಕ್ಕರು. "ಆಯ್ತು ಬಿಡು. ಸಿಟ್ಟಿಳೀಲಿ, ನಾಳೆ ಹೇಳ್ತೀನಿ" ಎಂದು ಕೈಕಾಲು ತೊಳೆಯಲು ಹೋದರು.

ಮರುದಿನ ಬೆಳಿಗ್ಗೆ ಬೀದಿ ನಲ್ಲಿಯಿಂದ ಎರಡನೇ ಕೊಡ ತರುವಾಗ ಬಾಗಿಲ ಹತ್ತಿರ ಕುಸಿದರು. ಆಟೋದಲ್ಲಿ ಕರೆದುಕೊಂಡು ಹೋದೆವು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದಿತ್ತು.

ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ನಮ್ಮ ಬುದ್ಧ ವಿಹಾರದವರು ಬಂದು ಬುದ್ಧಂ ಸರಣಂ ಗಚ್ಛಾಮಿ ಎಂದು ತ್ರಿಸರಣ ಹೇಳಿಕೊಟ್ಟರು. ನಾನು ಬಾಯಿ ಆಡಿಸಿದೆ, ಅಷ್ಟೆ. ಕಣ್ಣಲ್ಲಿ ನೀರು ಬರಲಿಲ್ಲ. ಭಾಯ್ ಬಂದರು. ಬಂದವರೇ ಹೊಸ್ತಿಲಲ್ಲಿ ಕೂತು, ದೊಡ್ಡ ಗಂಡಸು, ಹೆಗಲ ಮೇಲಿನ ವಸ್ತ್ರ ಬಾಯಿಗೆ ತುರುಕಿಕೊಂಡು ಅತ್ತರು. "ನನ್ನ ಜೋಡಿ ಹೋಯ್ತಲ್ಲಾ" ಎಂದರು. ಬೀದಿಯವರೆಲ್ಲ ಅವರಿಗೆ ನೀರು ಕೊಟ್ಟು, ಬೆನ್ನು ಸವರಿ, ಸಮಾಧಾನ ಹೇಳಿದರು. ಹೆಂಡತಿ ನಾನು ಒಳಗೆ ಕೂತಿದ್ದೆ. ಈ ಮನುಷ್ಯ ನನ್ನ ಅಳುವನ್ನೂ ತಾನೇ ಅಳುತ್ತಿದ್ದಾನೆ ಎನ್ನಿಸಿತು. ಅವತ್ತು ನನಗೆ ದುಃಖಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಒಂದು ವಾರ ಕಳೆದ ಮೇಲೆ ಭಾಯ್ ಮತ್ತೆ ಬಂದರು.

"ಭಾಬಿ, ಮೇಜರ್ ಸಾಬ್ ಕೆಲಸ ಅರ್ಧಕ್ಕೆ ನಿಂತಿದೆ. ಸಾಮಾನು ಕೊಡಿ, ನಾನು ಮುಗಿಸಿ ಕೊಡ್ತೀನಿ. ಹೆಸರು ಮೇಸ್ತ್ರಿದೇ ಇರ್ಲಿ."

"ಬೇಡ. ನಾನೇ ಮಾಡ್ತೀನಿ."

"ಹೊಲಿಗೆ ನೀವು ಮಾಡ್ತೀರ, ಗೊತ್ತು. ಗುರುತು ಹಿಡಿಯೋದು..."

"ನಾನೇ ಮಾಡ್ತೀನಿ ಅಂದ್ನಲ್ಲ."

ಅವರು ಎದ್ದು ಚಪ್ಪಲಿ ಮೆಟ್ಟಿದರು. ಆರನೇ ಅಚ್ಚು ಇನ್ನೂ ಅವರ ಅಂಗಡಿಯಲ್ಲೇ ಇತ್ತು. ಆ ಭಾನುವಾರ ನಮ್ಮವರು ಅದನ್ನು ಅಲ್ಲೇ ಬಿಟ್ಟು, ಚೀಲದ ಗಂಟು ಮಾತ್ರ ಹಿಡಿದು ಬಂದಿದ್ದರು. ಕೊಡಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವರಾಗಿ ಅವರು ಕೊಡಲಿಲ್ಲ.

ಮೇಜರ್ ಸಾಹೇಬರಿಗೆ ಎಂಬತ್ತರ ಹತ್ತಿರ ವಯಸ್ಸು. ಅವರ ಮನೆಗೆ ನಾನು ಹೋದದ್ದು ಅದೇ ಮೊದಲು. ಊಟದ ಮೇಜಿನ ಮೇಲೆ ಆರು ಮರದ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದರು. ಒಳಗೆ ಹಸಿರು ಬಟ್ಟೆ, ಬಟ್ಟೆಯಲ್ಲಿ ಒಂದೊಂದು ವಸ್ತುವಿನ ಆಕಾರಕ್ಕೆ ತಗ್ಗು ಮಾಡಿಸಿದ್ದರು. ನಾಲ್ಕು ಪೆಟ್ಟಿಗೆ ತುಂಬಿದ್ದವು. ಐದರಲ್ಲಿ ಹುರಿಯ ಜಾಗ ಖಾಲಿ. ಆರರಲ್ಲಿ ಪಿಸ್ತೂಲು, ಹುರಿ ಎರಡೇ.

"ನೋಡಮ್ಮ, ಮ್ಯೂಸಿಯಂನವರು ಎರಡು ತಿಂಗಳಲ್ಲಿ ಬರ್ತಾರೆ. ನಿಂಗೆ ಕಷ್ಟ ಆದ್ರೆ ಬಿಡು, ಇದ್ದಷ್ಟು ಕೊಡ್ತೀನಿ. ಮೇಸ್ತ್ರಿ ಆದ್ರೆ ಬರೀ ಮೂಸಿ ನೋಡಿ ಹೇಳೋನು, ಇದು ಯುದ್ಧಕ್ಕೆ ಮುಂಚಿಂದು, ಇದು ಆಮೇಲಿಂದು ಅಂತ. ಅಂಥ ಮೂಗು ನಾನು ನೋಡೇ ಇಲ್ಲ."

"ಎರಡು ತಿಂಗಳು ಸಾಕು ಸಾರ್" ಎಂದೆ. ಇಪ್ಪತ್ತಾರು ವರ್ಷದಿಂದ ಹೊಲಿಯುತ್ತಿದ್ದ ನನ್ನ ಕೈಯ ಹೊಲಿಗೆ ಮೊದಲ ಐದು ಪೆಟ್ಟಿಗೆಯಲ್ಲೂ ಇತ್ತು. ಯಾರಿಗೂ ಗೊತ್ತಾಗಬಾರದೆಂದು ಹೊಲಿದದ್ದು, ನಿಜವಾಗಿಯೂ ಯಾರಿಗೂ ಗೊತ್ತಾಗಿರಲಿಲ್ಲ.

ಐದನೆಯದರ ಹುರಿ ಮೊದಲು ಹಿಡಿದೆ. ಇದು ಖಾಕಿ ಬಣ್ಣದ ಹೆಣೆದ ಹುರಿ, ಒಂದು ಕುಣಿಕೆ ಪಿಸ್ತೂಲಿನ ಹಿಡಿಯ ಬಳೆಗೆ, ಇನ್ನೊಂದು ಕೊರಳಿಗೆ ಅಥವಾ ಹೆಗಲಿಗೆ. ಆಮೇಲಿನ ಕಾಲದಲ್ಲಿ ಅದನ್ನೇ ನೈಲಾನಿನಲ್ಲಿ ಮಾಡಿದರು. ನೋಡಲು ಒಂದೇ ಥರ. ವ್ಯತ್ಯಾಸ ತಿಳಿಯುವ ಉಪಾಯವನ್ನು ನಮ್ಮವರು ಭಾಯ್‌ಗೆ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಹೇಳಿಕೊಟ್ಟಿದ್ದರು. ನನಗೆ ಹೇಳಿಕೊಟ್ಟದ್ದಲ್ಲ, ಒಳಗೆ ಹೊಲಿಯುತ್ತಾ ಕೇಳಿಸಿಕೊಂಡದ್ದು. ಒಂದು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿಯಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಬೂದಿ. ನೈಲಾನಾದರೆ ಸುರುಟಿಕೊಂಡು ಕರಗಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ.

ಅದೇ ಗುಜರಿ ಗಲ್ಲಿಗೆ ಹೋದೆ. ಬೇರೆಲ್ಲೂ ಈ ಸಾಮಾನು ಸಿಗುವುದಿಲ್ಲ. ಭಾಯ್ ಅಂಗಡಿ ದಾಟುವಾಗ ಸೆರಗು ತಲೆ ಮೇಲೆ ಎಳೆದುಕೊಂಡು, ಮುಖ ಗೋಡೆ ಕಡೆ ಮಾಡಿಕೊಂಡು ಹೋದೆ. ಗಲ್ಲಿಯ ಕೊನೆಯ ಅಂಗಡಿಯಲ್ಲಿ ಒಂದು ಹುರಿ ಸಿಕ್ಕಿತು. ಮಾಸಿದ್ದು, ಕಲೆ ಬಿದ್ದದ್ದು, ನೋಡಿದರೆ ನೂರು ವರ್ಷ ಎನ್ನಬೇಕು. ಮನೆಗೆ ತಂದು ಎಳೆ ಸುಟ್ಟೆ. ಮಣಿ ಕಟ್ಟಿತು. ಕಲೆ ಎಂದುಕೊಂಡದ್ದು ಟೀ ಡಿಕಾಕ್ಷನ್. ಎರಡನೇ ಸಲ ತಂದದ್ದೂ ಹಾಗೇ ಆಯಿತು. ಮೂರನೇ ಸಲ ಅದೇ ಅಂಗಡಿಯವನು ತಾನಾಗಿಯೇ ಕರೆದು, "ಇದು ನೋಡಿಮಾ, ನಿನ್ನೆ ಬಂತು" ಎಂದು ಒಂದು ಹುರಿ ಕೊಟ್ಟ. ಈ ಸಲ ಅಂಗಡಿ ಮುಂದೆಯೇ ಬೆಂಕಿಕಡ್ಡಿ ಗೀರಿದೆ. ಕಾಗದದ ವಾಸನೆ ಬಂತು. ಉಜ್ಜಿದೆ. ಬೂದಿ.

ಬಸ್ಸಿನಲ್ಲಿ ಕೂತು ಮಡಿಲಲ್ಲಿ ಆ ಹುರಿ ಹಿಡಿದುಕೊಂಡು ಬಂದೆ. ಅವರು ಹೋದ ಮೇಲೆ ಮೊದಲ ಸಲ ಅವತ್ತು ಹೊಟ್ಟೆ ತುಂಬ ಉಂಡೆ. ಅವರಿಗೆ ಸಿಗದೆ ಹೋದದ್ದು ನನಗೆ ಸಿಕ್ಕಿತು ಎಂಬ ಖುಷಿ. ಸತ್ತವರ ಮೇಲೆ ಗೆದ್ದೆ ಎನ್ನುವ ಖುಷಿ ಒಳ್ಳೆಯದಲ್ಲ. ಆದರೆ ಇತ್ತು.

ಆ ಖುಷಿಯಲ್ಲೇ ಆರನೆಯದರ ಗಂಟು ಬಿಚ್ಚಿದೆ.

ಅದು ಚರ್ಮದ ಚೀಲವಲ್ಲ. ದಪ್ಪ ಹತ್ತಿಯ ಪಟ್ಟಿಯಲ್ಲಿ ಮಾಡಿದ್ದು, ಮೇಲೆ ಮುಚ್ಚಳವಿಲ್ಲ, ತೊಡೆಗೆ ಕಟ್ಟಿಕೊಳ್ಳುವ ಪಟ್ಟಿ ಇದೆ. ಮುಂಭಾಗದಲ್ಲಿ ಆರು ಗುಂಡು ಸಿಕ್ಕಿಸುವ ಕುಣಿಕೆ, ಪಕ್ಕದಲ್ಲಿ ಕಡ್ಡಿ ಇಳಿಬಿಡಲು ಸಣ್ಣ ಕೊಳವೆಯಂಥ ಹೊಲಿಗೆ. ಇಡೀ ಚೀಲ ಬೂಸಲು ಹಿಡಿದು, ಎಣ್ಣೆ ಜಿಡ್ಡು ಕುಡಿದು, ಇಲಿ ಗಲೀಜಿನ ನಾತ ಹೊಡೆಯುತ್ತಿತ್ತು. ಎರಡು ಕುಣಿಕೆಯ ಹೊಲಿಗೆ ಬಿಟ್ಟಿತ್ತು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ರಿಪೇರಿಗೆ ಬಂದ ವಸ್ತುವನ್ನು ಬಂದ ಹಾಗೆ ವಾಪಸ್ ಕೊಡಬಾರದು. ಚಪ್ಪಲಿಯ ಉಂಗುಷ್ಟ ಹೊಲಿಯಲು ಕೊಟ್ಟರೂ ಇಡೀ ಜೋಡಿ ಒರೆಸಿ, ಪಾಲಿಶ್ ಹಾಕಿಯೇ ಕೊಡಬೇಕು. ನಮ್ಮಪ್ಪ ನನಗೆ ಕಲಿಸಿದ ಮೊದಲ ಪಾಠ ಅದು. ಅಂಟುವಾಳ ಕಾಯಿ ನೆನೆಸಿದೆ. ನೊರೆ ಬರುವವರೆಗೆ ಕಿವುಚಿ, ಚೀಲವನ್ನು ಅದರಲ್ಲಿ ಒಂದು ಹಗಲು ಮುಳುಗಿಸಿಟ್ಟು, ಒಳಗನ್ನು ಹೊರಗೆ ಮಾಡಿ ಮೆತ್ತನೆಯ ಬ್ರಶ್ಶಿನಿಂದ ಉಜ್ಜಿದೆ. ಮೂರು ನೀರು ಕಪ್ಪಾಗಿ ಹೋಯಿತು. ನೆರಳಲ್ಲಿ ಒಣಗಿಸಿದೆ. ಎಂಥ ಬಣ್ಣ ಬಂತು! ಹೊಸ ಗೋಧಿಯ ಬಣ್ಣ. ಹಳೇ ದಾರಕ್ಕೆ ಹೊಂದುವಂತೆ ಹತ್ತಿ ದಾರಕ್ಕೆ ಮೇಣ ತಿಕ್ಕಿ, ಎರಡು ಸೂಜಿಯಲ್ಲಿ ಆ ಎರಡು ಕುಣಿಕೆ ಹೊಲಿದೆ. ಒಂದು ಹೊಸ ತೂತು ಬೀಳಲಿಲ್ಲ.

ರಿಚರ್ಡ್ಸ್ ಟೌನಿಗೆ ತೆಗೆದುಕೊಂಡು ಹೋದೆ. ಅಚ್ಚು ಇರಲಿಲ್ಲವಾದ್ದರಿಂದ ಪಿಸ್ತೂಲಿಗೇ ಹಾಕಿ ನೋಡಬೇಕಾಗಿತ್ತು. ಸಾಹೇಬರು ಹುರಿಯನ್ನು ಬೆಳಕಿಗೆ ಹಿಡಿದು ನೋಡಿ, "ಗುಡ್, ವೆರಿ ಗುಡ್" ಎಂದು ಐದನೇ ಪೆಟ್ಟಿಗೆಗೆ ಹಾಕಿದರು. ಆಮೇಲೆ ಆರನೇ ಪಿಸ್ತೂಲು ತೆಗೆದರು. ಅದರ ಹಿಂದೆ, ಗುಂಡಿಗೆ ಬಡಿಯುವ ಸುತ್ತಿಗೆಗೆ ಬೆರಳಲ್ಲಿ ಎಳೆಯುವ ಬಾಲವಿಲ್ಲ. ಟ್ಯಾಂಕಿನ ಒಳಗೆ ಹತ್ತಿ ಇಳಿಯುವಾಗ ಸಿಕ್ಕಿಕೊಳ್ಳಬಾರದೆಂದು ಹಾಗೆ ಮಾಡುತ್ತಿದ್ದರಂತೆ. ಚೀಲದಲ್ಲಿ ಅದು ಹುಟ್ಟಿದ ಮನೆಗೆ ಬಂದ ಹಾಗೆ ಕೂತಿತು. ಸಾಹೇಬರ ಕಣ್ಣು ತುಂಬಿತು. ತಾವೂ ಅಂಥದ್ದನ್ನು ತೊಡೆಗೆ ಕಟ್ಟಿಕೊಂಡವರೇ ಎಂದರು.

ಆಮೇಲೆ ಪಿಸ್ತೂಲು ತೆಗೆದು, ಚೀಲದ ಬಾಯಿ ಅಗಲಿಸಿ, ಭೂತಗನ್ನಡಿ ಹಿಡಿದು ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಸ್ಟಾಂಪ್ ಎಲ್ಲಮ್ಮ?"

ನನಗೆ ಆಗ ಹೊಳೆಯಿತು. ಉಜ್ಜುವಾಗ ಒಳಗಡೆ ಒಂದು ಕಪ್ಪು ಕಲೆ ಇತ್ತು. ಎಲ್ಲಕ್ಕಿಂತ ಹೆಚ್ಚು ಹೊತ್ತು ಅದನ್ನೇ ಉಜ್ಜಿದ್ದೆ.

"ಇರಲಿಲ್ಲ ಸಾರ್" ಎಂದೆ.

"ಇರಲಿಲ್ವಾ? ಇಸವಿ ಇಲ್ದೆ ಇದನ್ನ ಯುದ್ಧದ್ದು ಅಂತ ಹೇಗೆ ಹೇಳ್ಲಿ? ಇದೇ ಮಾದರೀನ ಆಮೇಲೂ ಮಾಡಿದಾರೆ."

"ಅವರು ತಂದಿದ್ದೇ ಹಾಗೆ ಸಾರ್."

ಸಾಹೇಬರು ಕನ್ನಡಿ ಕೆಳಗಿಟ್ಟರು. "ಸ್ಟಾಂಪ್ ಇಲ್ದಿದ್ದನ್ನ ಮೇಸ್ತ್ರಿ ತಂದ್ನಾ? ಹೂಂ. ಕೊನೆಗೆ ಅವನಿಗೂ ಕಣ್ಣು ಮಂಜಾಗಿತ್ತು ಅನ್ನು."

ಆ ಒಂದು ಗಳಿಗೆ ನನಗೆ ಹಗುರವೇ ಆಯಿತು. ಇವರ ಬಾಯಲ್ಲಿ ಕೊನೆಗೂ ಒಂದು ಸಲ ಮೇಸ್ತ್ರಿ ತಪ್ಪಿದ, ಹೆಂಡತಿ ತಪ್ಪಲಿಲ್ಲ. ಗೇಟು ದಾಟಿ, ರಸ್ತೆ ದಾಟಿ, ಬಸ್ ಸ್ಟಾಪಿನಲ್ಲಿ ನಿಂತೆ. ಬಸ್ಸು ಬಂತು, ಹತ್ತಲಿಲ್ಲ. ಸತ್ತ ಮನುಷ್ಯನ ಹತ್ತಿರ ಏನಿತ್ತು? ಮನೆಯಿಲ್ಲ, ಜಮೀನಿಲ್ಲ. ಆ ಕಣ್ಣೊಂದು ಇತ್ತು. ಅದಕ್ಕೆ ನಾನು ಮಣ್ಣು ಹಾಕಿ ಬಂದಿದ್ದೆ.

ಎರಡು ದಿನ ಕೈಗೆ ಸೂಜಿ ಹಿಡಿಯಲಿಲ್ಲ. ಮೂರನೇ ದಿನ ಐದು ಅಚ್ಚುಗಳನ್ನೂ ತೆಗೆದು, ತಳ ಮೇಲೆ ಮಾಡಿ ಸಾಲಾಗಿಟ್ಟೆ. ಒಂದೊಂದರ ಮೇಲೂ ಅವರ ಪೆನ್ಸಿಲಿನ ಅಕ್ಷರ. ಬಾಣ, ಅಕ್ಷರ, ಇಸವಿ. ಅವರು ಸ್ಟಾಂಪ್ ಓದಿದ ಕೂಡಲೇ ಬರೆಯುತ್ತಿದ್ದರು, ಮನೆಗೆ ಬರುವ ತನಕ ಕಾಯುತ್ತಿರಲಿಲ್ಲ. ಹಾಗಾದರೆ ಆರನೆಯದರ ಮೇಲೂ ಬರೆದಿರಬೇಕು. ಅದು ಒಬ್ಬರ ಹತ್ತಿರ ಇತ್ತು.

ಈ ಸಲ ಸೆರಗು ಎಳೆದುಕೊಳ್ಳಲಿಲ್ಲ.

ಭಾಯ್ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ಬನ್ನಿ ಭಾಬಿ. ಮುಖ ಕಾಣಿಸ್ತಲ್ಲ, ಸದ್ಯ! ಮೂರು ಸಲ ನಮ್ಮ ಗಲ್ಲಿಗೆ ಬಂದ್ರಿ. ನಮ್ಮ ಮನೆ ಹೆಂಗಸರೂ ಅಷ್ಟು ಜೋರು ಪರ್ದಾ ಹಾಕಲ್ಲ."

ನನಗೆ ಮುಖ ಬಿಸಿಯಾಯಿತು. "ನೋಡಿದ್ರಾ?"

"ನಾನೇನು, ಇಡೀ ಗಲ್ಲಿ ನೋಡ್ತು. ಮೂರನೇ ಸಲ ಸಿಕ್ಕ ಹುರಿ ಚೆನ್ನಾಗಿತ್ತಾ?"

ಅವರು ಕೇಳಿದ ರೀತಿಯಲ್ಲೇ ನನಗೆ ತಿಳಿಯಿತು. "ಅದು ನಿಮ್ದಾ?"

"ನಂದೇ. ಮೇಸ್ತ್ರಿಗೆ ಅಂತ ಹುಡುಕಿ ಇಟ್ಟಿದ್ದೆ. ನಾನು ಕೊಟ್ರೆ ನೀವು ತಗೊಳ್ತಾ ಇರ್ಲಿಲ್ಲ. ಅದಕ್ಕೆ ಕೊನೆ ಅಂಗಡಿಯವನ ಕೈಲಿ ಕೊಟ್ಟೆ."

ಹೊರಟು ಬಿಡಬೇಕೆನ್ನಿಸಿತು. ನನ್ನದು ಎಂದುಕೊಂಡಿದ್ದ ಒಂದೇ ಒಂದು ಗೆಲುವು, ಅದೂ ಇವರ ಕೈಯಿಂದಲೇ ಬಂದದ್ದು. ಆದರೆ ಬಂದ ಕೆಲಸ ಇತ್ತು. ನಿಂತೇ ಎಲ್ಲ ಹೇಳಿದೆ. ಅಂಟುವಾಳದ ನೀರು, ಉಜ್ಜಿದ ಕಲೆ, ಸಾಹೇಬರ ಮುಂದೆ ಆಡಿದ ಸುಳ್ಳು, ಯಾವುದನ್ನೂ ಬಿಡಲಿಲ್ಲ.

ಭಾಯ್ ತಲೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯಯ್ಯೋ ಭಾಬಿ. ಅದನ್ನ ತೊಳೆದ್ರಾ? ಆ ಸ್ಟಾಂಪ್ ನೋಡಿ ನಾವಿಬ್ರೂ ಕುಣಿದ್ವಿ ಅವತ್ತು."

"ಅಚ್ಚು ಕೊಡಿ. ಅದರ ಮೇಲೆ ಬರೆದಿರ್ತಾರೆ."

ಅವರು ತಕ್ಷಣ ಕದಲಲಿಲ್ಲ. ಅವರ ತಲೆ ಮೇಲಿನ ಹಲಗೆಯಲ್ಲಿ, ಟೋಪಿ ಇಡುವ ಜಾಗದ ಪಕ್ಕ, ಅಚ್ಚು ಇತ್ತು. ಧೂಳು ಕೂರದ ಹಾಗೆ ಅದೇ ನಮ್ಮ ಹಳೇ ಟವೆಲು ಹೊದಿಸಿದ್ದರು.

"ಬೇರೆ ದಾರಿ ಇದೆ" ಎಂದರು. "ನನ್ನ ಹತ್ರ ಅಕ್ಷರದ ಅಚ್ಚುಮೊಳೆ ಎಲ್ಲ ಇದೆ. ಶಾಯಿ ಇದೆ. ಹತ್ತು ನಿಮಿಷ. ಮೇಲಿನ ಕೊಳೆ ಪೂರ್ತಿ ಹೋದ ಮೇಲೆ ಸ್ಟಾಂಪ್ ಕಾಣಿಸ್ತು ಅನ್ನಿ. ಸಾಬ್‌ಗೆ ಖುಷಿ, ಮೇಸ್ತ್ರಿ ಮರ್ಯಾದೆ ಉಳೀತು, ನಿಮ್ದೂ ಉಳೀತು."

"ಅಚ್ಚು ಕೊಡಕ್ಕೆ ನಿಮಗೆ ಯಾಕೆ ಕಷ್ಟ?"

ಅವರು ನನ್ನ ಮುಖ ನೋಡಲಿಲ್ಲ. "ನಿಮಗೆ ಮನೆ ತುಂಬ ಅವನೇ ಇದಾನೆ ಭಾಬಿ. ಚಪ್ಪಲಿ, ಕನ್ನಡಕ, ಹಾಸಿಗೆ. ನನಗೆ ಈ ಕಟ್ಟಿಗೆ ಒಂದೇ." ಬಿಚ್ಚಿದ ಲೇಸನ್ನು ಬೆರಳಿಗೆ ಸುತ್ತುತ್ತಾ ಹೇಳಿದರು, "ಐದು ಗಂಟೆ ಆಯ್ತು ಅಂದ್ರೆ ಎದ್ದೇ ಬಿಡೋನು. ಎಂಥ ಮಾತು ನಡೀತಾ ಇದ್ರೂ ಅಷ್ಟೆ. ಇರಪ್ಪಾ ಒಂದು ಟೀ ಕುಡಿ ಅಂದ್ರೆ, ಇಲ್ಲ, ಅವಳು ಬೈತಾಳೆ ಅನ್ನೋನು. ನಗ್ತಾ ನಗ್ತಾ ಹೇಳೋನು. ನನ್ನ ಹೆಂಡತಿ ಹೋಗಿ ಒಂಬತ್ತು ವರ್ಷ. ನನಗೆ ಯಾರು ಬೈತಾರೆ? ನನಗೆ ನಿಮ್ಮನ್ನ ಕಂಡ್ರೆ ಉರೀತಿತ್ತು."

ಇಷ್ಟು ವರ್ಷ ಒಂದೇ ಹಗ್ಗವನ್ನು ಎರಡು ತುದಿಯಿಂದ ಎಳೆದಿದ್ದೆವು. ನಡುವೆ ಇದ್ದ ಮನುಷ್ಯ ನಗುತ್ತಾ ಇದ್ದುಬಿಟ್ಟಿದ್ದ.

ನಾನು ಅಲ್ಲಿಯೇ ಒಂದು ಹಳೇ ಟ್ರಂಕಿನ ಮೇಲೆ ಕೂತೆ. ಅಚ್ಚುಮೊಳೆಯ ಮಾತು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದೆ. ನನ್ನ ಕೈ ಚೆನ್ನಾಗಿದೆ, ಆ ಶಾಯಿಯನ್ನು ಮಾಸಿಸುವುದೂ ನನಗೆ ಬರುತ್ತದೆ. ಆದರೆ ಉಳಿದ ಐದು ಪೆಟ್ಟಿಗೆಯಲ್ಲಿ ಅವರು ಓದಿದ ನಿಜದ ಸ್ಟಾಂಪು, ಆರನೆಯದರಲ್ಲಿ ನಾನು ಒತ್ತಿದ್ದು. ಎಂದಾದರೂ ಒಬ್ಬ ತಿಳಿದವನು ಅದನ್ನು ಹಿಡಿದರೆ, ಐದನ್ನೂ ಅನುಮಾನಿಸುತ್ತಾನೆ. ಆಗ ಹೋಗುವುದು ನನ್ನ ಹೆಸರಲ್ಲ.

"ಮೊಳೆ ಬೇಡ" ಎಂದೆ. "ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ನೀವೂ ಜೊತೆಗೆ ಬನ್ನಿ."

ಭಾಯ್ ಟವೆಲು ಸರಿಸಿ ಅಚ್ಚು ಇಳಿಸಿದರು. ತಳದಲ್ಲಿ ಇತ್ತು. ಬಾಣ, ಅದರ ಕೆಳಗೆ ಅಕ್ಷರಗಳು, ನಲವತ್ತಮೂರು ಎಂಬ ಇಸವಿ. ಅದರ ಕೆಳಗೆ ಇನ್ನೊಂದು ಸಾಲು, "2 ಕುಣಿಕೆ ಹೊಲಿಗೆ. ತೊಳೀಬಾರದು ಅಂತ ಹೇಳಬೇಕು."

ಯಾರಿಗೆ ಹೇಳಬೇಕು ಎಂದು ಬರೆದಿರಲಿಲ್ಲ. ಅವಶ್ಯವಿರಲಿಲ್ಲ. ನಾನು ಅಳಲು ಶುರು ಮಾಡಿದ್ದು ಆಗ. ಗುಜರಿ ಗಲ್ಲಿಯ ನಡುವೆ, ಮಟಮಟ ಮಧ್ಯಾಹ್ನ. ಭಾಯ್ ಟೀ ತರಿಸಿ ಪಕ್ಕದಲ್ಲಿಟ್ಟು, ಗಿರಾಕಿಗಳು ಬಾರದ ಹಾಗೆ ಅಂಗಡಿ ಮುಂದೆ ಅಡ್ಡ ನಿಂತರು.

ಮೇಜರ್ ಸಾಹೇಬರು ನಾನು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡರು. ಅಚ್ಚನ್ನು ತಿರುಗಿಸಿ ತಳವನ್ನು ಓದಿದರು, ಕೊನೆಯ ಸಾಲನ್ನೂ ಓದಿದರು. ಚೀಲದ ಒಳಗೆ ಕನ್ನಡಿ ಹಿಡಿದು, ಬಾಣದ ತುದಿಯಿರಬೇಕಾದ ಜಾಗ ಹುಡುಕಿದರು. ಒಂದು ಕೂದಲಷ್ಟು ಕಪ್ಪು ಉಳಿದಿತ್ತು. ಸಾಹೇಬರಿಗೆ ಕಂಡಿತು, ನನಗೆ ಕಾಣಲಿಲ್ಲ.

"ಮೇಸ್ತ್ರಿ ಕ್ಷಮಿಸಪ್ಪಾ" ಎಂದು ಗೋಡೆಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಸಾಕ್ಷಿ ಅಂದ್ರೆ ಇದೇ ಅಮ್ಮ. ಚೀಲದ ಜೊತೆ ಈ ಅಚ್ಚೂ ಪೆಟ್ಟಿಗೇಲಿ ಹೋಗ್ಬೇಕು. ಆಗುತ್ತಾ?"

ನಾನು ಭಾಯ್ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಇಬ್ಬರೂ ತಲೆ ಆಡಿಸಿದೆವು.

ಸಾಹೇಬರು ಆರನೇ ಪೆಟ್ಟಿಗೆಯಲ್ಲಿ ಅಚ್ಚಿಗೆ ಇನ್ನೊಂದು ತಗ್ಗು ಮಾಡಿಸಿದರು. ಟೈಪು ಮಾಡಿದ ಚೀಟಿಯಲ್ಲಿ ಸ್ಟಾಂಪ್ ತೊಳೆಯುವಾಗ ಅಳಿಸಿ ಹೋದದ್ದನ್ನು ಬರೆದರು. ಹುಡುಕಿದವರು ಎಂದು ನಮ್ಮವರ ಹೆಸರು, ಭಾಯ್ ಹೆಸರು ಮೇಲೆ. ಹೊಲಿದವರು ಎಂದು ನನ್ನದು ಕೆಳಗೆ. ಅವರಿಬ್ಬರ ಹೆಸರು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಇರುವುದನ್ನು ನೋಡಿ ನನಗೆ ಮತ್ತೆ ಒಂದು ಚೂರು ಉರಿಯಿತು. ಅದು ಹೋಗುವಂಥದ್ದಲ್ಲ ಎಂದು ಕಾಣುತ್ತದೆ.

ಮುಂದಿನ ಭಾನುವಾರ ಉಳಿದ ಅಚ್ಚುಗಳಲ್ಲಿ ಒಂದನ್ನು ಟವೆಲಿನಲ್ಲಿ ಸುತ್ತಿ ಭಾಯ್‌ಗೆ ಕೊಟ್ಟು ಬಂದೆ. ಯಾವುದನ್ನು ಕೊಡುವುದೆಂದು ಬೆಳಗಿನಿಂದ ಯೋಚಿಸಿದೆ. ಒಡಕು ಬಿಟ್ಟಿದ್ದ ಮೂರನೆಯದನ್ನು ಕೊಡೋಣ ಎಂದು ಎತ್ತಿಕೊಂಡೆ, ಆಮೇಲೆ ಇಟ್ಟುಬಿಟ್ಟೆ. ಅವರು ಮೊದಲು ಕೆತ್ತಿದ ಒಂದನೇ ನಂಬರನ್ನು ಕೊಟ್ಟೆ. ಕೈ ಬಿಡುವಾಗ ಬೆರಳು ಅಂಟಿಕೊಂಡ ಹಾಗಾಯಿತು.

ಭಾಯ್ ಅದನ್ನು ಹಲಗೆಯ ಮೇಲಿಟ್ಟು ಕೇಳಿದರು, "ಭಾಬಿ, ಕಡ್ಡಿ ಒಂದು ಉಳೀತಲ್ಲ. ಮ್ಯೂಸಿಯಂನವರು ಬರೋಕೆ ಇನ್ನೂ ಹತ್ತು ದಿನ ಇದೆ. ಮೇಸ್ತ್ರಿ ನಿಮಗೆ ಹೇಳಿರ್ಬೇಕಲ್ಲ?"

"ಏನನ್ನ?"

"ಅವತ್ತು ಇಲ್ಲಿಂದ ಹೊರಟು, ಗಲ್ಲಿ ತುದಿಯಿಂದ ಕೈ ಬೀಸಿದ. ಕಡ್ಡಿ ಎಲ್ಲಿದೆ ಅಂತ ಈಗ ಗೊತ್ತಾಯ್ತು ಅಂತ ಅಲ್ಲಿಂದ್ಲೇ ಕೂಗಿದ. ಎಲ್ಲಿ ಅಂತ ನಾನೂ ಕೂಗಿ ಕೇಳಿದೆ. ಮೊದಲು ಮನೇಲಿ ಹೇಳ್ತೀನಿ, ಆಮೇಲೆ ನಿಂಗೆ ಅಂದ. ಹಂಗಂದು ಹೋದೋನು."

ಆ ಸಂಜೆ ನಾನು ನಮ್ಮವರಿಗೆ ಏನೆಂದೆ ಎನ್ನುವುದನ್ನು ಅವತ್ತೂ ಹೇಳಲಿಲ್ಲ, ಭಾಯ್ ತೀರಿಕೊಳ್ಳುವವರೆಗೂ ಹೇಳಲಿಲ್ಲ. ಇಲ್ಲಿ ಬರೆದಿದ್ದೇನೆ.

ಆ ಹತ್ತು ದಿನ ಇಬ್ಬರೂ ಸೇರಿ ಶಿವಾಜಿನಗರದಿಂದ ಹಲಸೂರಿನವರೆಗೆ ನಮ್ಮವರು ಬರುತ್ತಿದ್ದ ದಾರಿಯಲ್ಲಿದ್ದ ಎಲ್ಲ ಅಂಗಡಿಗಳಲ್ಲಿ, ಸೈಕಲ್ ರಿಪೇರಿಯವರಲ್ಲಿ, ಟೀ ಅಂಗಡಿಗಳಲ್ಲಿ ವಿಚಾರಿಸಿದೆವು. ಒಂದು ತುದಿಯಲ್ಲಿ ಉಂಗುರ, ಇನ್ನೊಂದು ತುದಿಯಲ್ಲಿ ಬಟ್ಟೆ ಸಿಕ್ಕಿಸುವ ಸೀಳು ಇರುವ, ಗೇಣುದ್ದದ ಕಡ್ಡಿ ಎಂದು ಎಲ್ಲರಿಗೂ ಕೈಯಲ್ಲಿ ತೋರಿಸಿದೆವು. ಯಾರಿಗೂ ಗೊತ್ತಿರಲಿಲ್ಲ. ಮ್ಯೂಸಿಯಂನವರು ಬಂದು ಆರು ಪೆಟ್ಟಿಗೆಗಳನ್ನೂ ಒಪ್ಪಿಕೊಂಡು ತೆಗೆದುಕೊಂಡು ಹೋದರು.

ಆರನೇ ಪೆಟ್ಟಿಗೆಯಲ್ಲಿ ಪಿಸ್ತೂಲಿದೆ, ಚೀಲವಿದೆ, ಹುರಿಯಿದೆ, ಅಚ್ಚು ಇದೆ. ಕಡ್ಡಿ ಇಲ್ಲ.